ಸ್ಕಾಟ್ಲೆಂಡ್ ತಂಡದ ತೋಳಿನ ಮೇಲೆ ನಂದಿನಿ

2024ರ ಜೂನ್ 4. ಊರಿನಲ್ಲಿ ಲೋಕಸಭಾ ಚುನಾವಣೆಯ ಮತ ಎಣಿಕೆ, ಬಾರ್ಬಡೋಸ್‌ನಲ್ಲಿ ಟಿ20 ವಿಶ್ವಕಪ್‌ನ ಇಂಗ್ಲೆಂಡ್–ಸ್ಕಾಟ್ಲೆಂಡ್ ಪಂದ್ಯ. ಎಡಿನ್‌ಬರೋದ ನಮ್ಮ ಕಚೇರಿಯಲ್ಲಿ ಎಲ್ಲರೂ ಟಿವಿಯ ಮುಂದೆ ಸೇರಿದ್ದರು. ಸ್ಕಾಟ್ಲೆಂಡಿನ ಮನ್ಸಿ, ಜೋನ್ಸ್ ಇಬ್ಬರೂ ಇಂಗ್ಲೆಂಡಿನ ಬೌಲರುಗಳಿಗೆ ಬಗ್ಗದೆ ಆಡುತ್ತಿದ್ದರು. ಕ್ಯಾಮೆರಾ ಹತ್ತಿರವಾದಾಗ ಅವರ ತೋಳಿನ ಮೇಲೆ, ತಂಡದ ಪ್ರಾಯೋಜಕರ ಹೆಸರಾಗಿ, ಕನ್ನಡ ಅಕ್ಷರಗಳಲ್ಲಿ ‘ನಂದಿನಿ’ ಕಂಡಿತು. “ಅದು ನಮ್ಮೂರಿನ ಹಾಲು!” ಎಂದು ಕೂಗಿಬಿಟ್ಟೆ.

ಅಷ್ಟರಲ್ಲಿ ಅಲ್ಲಿ ಮಳೆ ಬಂದು ಆಟ ನಿಂತಿತು. ಗೆಳೆಯರು ನನ್ನತ್ತ ತಿರುಗಿದರು. ಯಾರ ಕಂಪನಿ, ಮಾಲೀಕರು ಯಾರು ಎಂದರು.

“ಮಾಲೀಕರಲ್ಲಿ ನನ್ನ ದೊಡ್ಡಮ್ಮನೂ ಒಬ್ಬರು” ಎಂದೆ. ಯಾರೂ ನಂಬಲಿಲ್ಲ. ಮದ್ದೂರು ಕಡೆಯ ಹಳ್ಳಿಯಲ್ಲಿ ಅವರು ಬೆಳಿಗ್ಗೆ, ಸಂಜೆ ಕ್ಯಾನು ಹಿಡಿದು ಡೇರಿಗೆ ಹೋಗುವುದನ್ನು ಹೇಳಿದೆ. ಅಲ್ಲಿ ಹಾಲಿನ ಗಟ್ಟಿತನ ತಿಳಿಯಲು ಡಿಗ್ರಿ ನೋಡುತ್ತಾರೆ, ಫ್ಯಾಟ್ ನೋಡುತ್ತಾರೆ, ಅದರ ಮೇಲೆ ದರ. ಬಟವಾಡೆಯ ದಿನ ಕೈಗೆ ಬರುವ ದುಡ್ಡಿನಲ್ಲಿ ಹಿಂಡಿ, ಬೂಸಾದ ಬಾಕಿ ಕಳೆದು ಉಳಿದದ್ದರಲ್ಲಿ ಮನೆ ನಡೆಯಬೇಕು, ಮಕ್ಕಳ ಫೀಸು ಹೊಂದಬೇಕು. ಹಳ್ಳಿಯ ಸಂಘ, ಅದರ ಮೇಲೆ ಹಾಲು ಒಕ್ಕೂಟ, ಎಲ್ಲಕ್ಕೂ ಮೇಲೆ ನಂದಿನಿ ಹೆಸರಿನಲ್ಲಿ ಮಾರುವ ಕರ್ನಾಟಕ ಹಾಲು ಮಹಾಮಂಡಳ. 1974ರಲ್ಲಿ ವಿಶ್ವಬ್ಯಾಂಕ್ ಸಾಲದ ಹೈನು ಯೋಜನೆಯಿಂದ ಶುರುವಾದ ಈ ಏರ್ಪಾಡಿನಲ್ಲಿ ಹಾಲು ಹಾಕುವವರೇ ಸದಸ್ಯರು. ಬೆಂಗಳೂರಿನ ಬಾಗಿಲಲ್ಲಿ ಬೆಳಗಿನ ಜಾವ ಬಂದು ಬೀಳುವ ನೀಲಿ ಪ್ಯಾಕೆಟ್ಟಿನ ಹಿಂದೆ ಇಷ್ಟೂ ಇದೆ.

ಏರ್‌ಶೈರ್ ಕಡೆಯ ಗೆಳೆಯನೊಬ್ಬನಿಗೆ ಇದು ತಟ್ಟನೆ ಅರ್ಥವಾಯಿತು. ಅವನ ತಾತ ಹಾಲು ಹಾಕುತ್ತಿದ್ದದ್ದು, ರೈತರೆಲ್ಲರ ಹಾಲನ್ನು ಒಟ್ಟಾಗಿ ಕೊಂಡು ಮಾರುತ್ತಿದ್ದ ಸ್ಕಾಟಿಷ್ ಹಾಲು ಮಾರಾಟ ಮಂಡಳಿಗೆ. 1994ರಲ್ಲಿ ಮಂಡಳಿಯನ್ನು ಮುಚ್ಚಿದ ಮೇಲೆ ದರಕ್ಕಾಗಿ ಖರೀದಿದಾರರ ಮುಂದೆ ಒಬ್ಬೊಬ್ಬರೇ ನಿಲ್ಲಬೇಕಾಯಿತಂತೆ. ಹಟ್ಟಿ ಖಾಲಿಯಾದ ವರ್ಷವನ್ನು ಅವನು ಹೇಳಿದಾಗ ನನ್ನ ಹೆಮ್ಮೆ ಸ್ವಲ್ಪ ಗಂಭೀರವಾಯಿತು. ಸಂಘ ಇಲ್ಲದಿದ್ದರೆ ದೊಡ್ಡಮ್ಮನ ಹಸುಗಳ ಗತಿಯೂ ಅದೇ.

ಮಧ್ಯೆ ಇನ್ನೊಬ್ಬಳು ನನ್ನ ಮೊಬೈಲಿನಲ್ಲಿದ್ದ, ಮತ ಹಾಕಿದವರ ಬೆರಳಿನ ಶಾಯಿ ಗುರುತಿನ ಚಿತ್ರ ನೋಡಿ ಅದೇನೆಂದು ಕೇಳಿದಳು. ಆ ಶಾಯಿಯೂ ನಮ್ಮದೇ. ನಾಲ್ವಡಿ ಕೃಷ್ಣರಾಜ ಒಡೆಯರು 1937ರಲ್ಲಿ ಆರಂಭಿಸಿದ ಮೈಸೂರಿನ ಬಣ್ಣದ ಕಾರ್ಖಾನೆ 1962ರ ಚುನಾವಣೆಯಿಂದ ಅದನ್ನು ತಯಾರಿಸುತ್ತಿದೆ. ಅದರಲ್ಲಿನ ಸಿಲ್ವರ್ ನೈಟ್ರೇಟ್ ಚರ್ಮಕ್ಕೆ ಅಂಟಿ ಬೆಳಕಿಗೆ ಕಪ್ಪಾಗುತ್ತದೆ, ತೊಳೆದರೆ ಹೋಗುವುದಿಲ್ಲ.

ಆಟ ಮತ್ತೆ ಶುರುವಾಗಿ, ಹತ್ತು ಓವರಿಗೆ ವಿಕೆಟ್ ನಷ್ಟವಿಲ್ಲದೆ 90 ಆಯಿತು. ಆಮೇಲೆ ಮಳೆಯೇ ಗೆದ್ದಿತು, ಪಂದ್ಯ ರದ್ದು. ಹೊರಡುವಾಗ ಏರ್‌ಶೈರ್ ಗೆಳೆಯ ಕೇಳಿದ: “ನಮ್ಮ ತಂಡಕ್ಕೆ ಕೊಟ್ಟ ಹಣ ರೈತರದ್ದಲ್ಲವೇ? ಅವರನ್ನು ಕೇಳಿದರೇ?”

ಸರಿಯಾದ ಪ್ರಶ್ನೆ. ಆ ಅಕ್ಷರ ಕಂಡು ನನಗಾದ ಸಂತೋಷ ನಿಜ, ಆದರೆ ಆ ದುಡ್ಡು ನನ್ನದಲ್ಲ. ಮಹಾಮಂಡಳ ಹೊರದೇಶಗಳಲ್ಲಿ ಮಾರುಕಟ್ಟೆ ಹುಡುಕುವುದು ತಪ್ಪೆಂದು ನಾನು ಹೇಳುವುದಿಲ್ಲ. ಅದರಿಂದ ಲೀಟರಿಗೆ ಎಷ್ಟು ಹೆಚ್ಚು ಸಿಗುತ್ತದೆ ಎಂಬ ಲೆಕ್ಕವನ್ನು ಸಂಘದ ವಾರ್ಷಿಕ ಸಭೆಯಲ್ಲಿ ಸದಸ್ಯರ ಮುಂದಿಡಬೇಕು. ಆ ರಾತ್ರಿ ಫೋನಿನಲ್ಲಿ ದೊಡ್ಡಮ್ಮನಿಗೂ ಇದನ್ನೇ ಹೇಳಿದೆ, ಮುಂದಿನ ಸಭೆಗೆ ತಪ್ಪದೆ ಹೋಗಿ ಕೇಳಿ ಎಂದೆ.