ಬೋಕಿ ನಂಬರ್ 37

ಪುರಾತತ್ವ ಓದ್ತೀನಿ ಅಂದರೆ ಜನರ ಕಣ್ಣಮುಂದೆ ಬರುವುದು ಗುಂಡಿ, ಕರಣೆ, ಬಿಸಿಲು, ಅಗಲದ ಟೋಪಿ. ನನ್ನ ತಲೆಯಲ್ಲೂ ಅದೇ ಇತ್ತು. ಎಂ.ಎ. ಎರಡನೇ ವರ್ಷದ ಪ್ರಾಯೋಗಿಕ ತರಬೇತಿಯ ಪಟ್ಟಿ ಹಾಕಿದಾಗ ಉತ್ಖನನದ ತಂಡದಲ್ಲಿ ನನ್ನ ಹೆಸರಿರಲಿಲ್ಲ. ಕೆಳಗೆ ಇನ್ನೊಂದು ಪುಟ್ಟ ಪಟ್ಟಿ, ‘ಅವಶೇಷಗಳ ದಾಖಲೀಕರಣ, ಆರು ವಾರ’. ಅದರಲ್ಲಿತ್ತು. ಎರಡು ಉದ್ದ ಮೇಜು, ಒಂದು ಸಿಂಕು, ಗೋಡೆಗುಂಟ ಪ್ಲಾಸ್ಟಿಕ್ ಕ್ರೇಟುಗಳಿದ್ದ ಕೋಣೆ. ಕ್ರೇಟಿನ ತುಂಬ ಬೋಕಿ, ಅಂದರೆ ಒಡೆದ ಮಡಕೆಯ ಚೂರು. ಸಾವಿರ ವರ್ಷ ಹಿಂದಿನ ಕುಂಬಾರನ ಬೆರಳಚ್ಚು ಕಂಡು ಮೈ ಜುಮ್ಮೆಂದಿತು ಅಂತ ಬರೆಯೋಣ ಅಂದರೆ ಅಂಥದ್ದೊಂದೂ ಸಿಗಲಿಲ್ಲ. ಸಿಕ್ಕಿದ್ದೆಲ್ಲ ಒಡಲಿನ ಚೂರು, ಮತ್ತೆ ಒಡಲಿನ ಚೂರು.

ಮೊದಲ ವಾರ ತೊಳೆದದ್ದೇ ತೊಳೆದದ್ದು. ತಣ್ಣೀರು, ಹಲ್ಲುಜ್ಜುವ ಮೆತ್ತನೆ ಬ್ರಶ್. ಆದರೆ ಯಾವುದನ್ನು ತೊಳೆಯಬಾರದು ಅನ್ನೋದು ಮೊದಲ ಪಾಠ. ಲೋಹಕ್ಕೆ ನೀರು ಸೋಕಿಸುವಂತಿಲ್ಲ. ಸುಡದ ಮಣ್ಣು ಕೈಯಲ್ಲೇ ಕರಗಿಹೋಗುತ್ತದೆ. ಒಳಮೈಯಲ್ಲಿ ಕರಕಲು ಅಂಟಿದ್ದರೆ ಅದನ್ನು ಹಾಗೇ ಎತ್ತಿಡಬೇಕು, ಪಾತ್ರೆಯಲ್ಲಿ ಏನಿತ್ತು ಅನ್ನುವುದಕ್ಕೆ ಸಾಕ್ಷಿ ಇದ್ದರೆ ಅಲ್ಲೇ ಇರುತ್ತದೆ. ಒಡೆದ ಅಂಚನ್ನು ಉಜ್ಜಿ ಉಜ್ಜಿ ಸವೆಸಿದರೆ ಆಮೇಲೆ ಎರಡು ಚೂರು ಒಂದಕ್ಕೊಂದು ಕೂಡುವುದಿಲ್ಲ.

ಎರಡನೇ ದಿನವೇ ಒಂದು ಎಡವಟ್ಟು ಮಾಡಿದೆ. ತೊಳೆದ ಬೋಕಿಗಳನ್ನು ಟ್ರೇಗಳಲ್ಲಿ ಹರವಿ, ಪ್ರತಿ ಟ್ರೇಗೂ ಅದರ ಚೀಟಿ ಇಟ್ಟಿದ್ದೆ. ಚೀಟಿಯನ್ನು ಚೂರಿನ ಕೆಳಗೆ ಸಿಕ್ಕಿಸಿ ಇಡಬೇಕಿತ್ತು, ನಾನು ಮೇಲೆ ಇಟ್ಟಿದ್ದೆ. ಬೇಗ ಒಣಗಲಿ ಅಂತ ಫ್ಯಾನ್ ಹಾಕಿ ಹೊರಗೆ ಹೋದೆ. ಬರುವಷ್ಟರಲ್ಲಿ ಎರಡು ಚೀಟಿ ನೆಲದ ಮೇಲೆ. ಒಂದು ಚೀಟಿ ಮನೆಯ ನೆಲಗಟ್ಟಿನ ಸ್ತರದ್ದು (ಸ್ತರ ಅಂದರೆ ಅಗೆಯುವಾಗ ಸಿಗುವ ಮಣ್ಣಿನ ಪದರ), ಇನ್ನೊಂದು ಆ ನೆಲಗಟ್ಟನ್ನೇ ಕೊರೆದು ಆಮೇಲೆ ತೋಡಿದ ಗುಂಡಿಯ ಭರ್ತಿಯದ್ದು. ಎರಡೂ ಟ್ರೇಯಲ್ಲಿ ಅದೇ ಕೆಂಪು, ಅದೇ ಗಾತ್ರ. ಯಾವುದು ಯಾವುದರದ್ದು?

1890ರಲ್ಲಿ ಬ್ರಿಟಿಷ್ ಪುರಾತತ್ವಜ್ಞ ಫ್ಲಿಂಡರ್ಸ್ ಪೆಟ್ರಿ ಆಗಿನ ಪ್ಯಾಲೆಸ್ಟೈನಿನ ಟೆಲ್ ಎಲ್-ಹೆಸಿ ದಿಬ್ಬದಲ್ಲಿ, ಸ್ತರದಿಂದ ಸ್ತರಕ್ಕೆ ಮಡಕೆ ಹೇಗೆ ಬದಲಾಗುತ್ತದೆ ಅನ್ನುವುದನ್ನೇ ಹಿಡಿದು ಕಾಲದ ಹಿಂದುಮುಂದು ಹೇಳಬಹುದು ಅಂತ ತೋರಿಸಿದ. ಪರೀಕ್ಷೆಯಲ್ಲಿ ಅದಕ್ಕೆ ಒಳ್ಳೇ ಉತ್ತರ ಬರೆದಿದ್ದೆ. ಬರೆದವರ ಟ್ರೇ ನೋಡಿದರೆ ಹೀಗೆ. ಯಾರೂ ಬಯ್ಯಲಿಲ್ಲ. ಎರಡೂ ಟ್ರೇ ಒಂದು ಮಾಡಿ ‘ಸ್ತರ ಖಚಿತವಿಲ್ಲ’ ಅಂತ ನಮೂದಿಸಿ, ಹಾಗಾದದ್ದು ಹೇಗೆ ಅಂತ ನನ್ನ ಕೈಯಲ್ಲೇ ದಾಖಲೆ ಪುಸ್ತಕದಲ್ಲಿ ಬರೆಸಿದರು, ತಾರೀಖಿನ ಸಮೇತ. ಬೈದಿದ್ದರೇ ಚೆನ್ನಾಗಿತ್ತು. ಈಗ ಚೀಲದ ಒಳಗೊಂದು ಚೀಟಿ, ಹೊರಗೊಂದು, ಎರಡೂ ಇಲ್ಲದೆ ನನಗೆ ನಿದ್ದೆ ಬರುವುದಿಲ್ಲ.

ಎರಡನೇ ವಾರ ವಿವರಣಾ ನಮೂನೆ ಕೈಗೆ ಬಂತು. ಮೊದಲ ಚೂರಿಗೇ ಉತ್ಸಾಹದಿಂದ ‘ಅಡುಗೆ ಮಡಕೆ’ ಅಂತ ಬರೆದೆ. ತರಬೇತಿ ಕೊಡುತ್ತಿದ್ದ ಮೇಡಂ ಪೆನ್ಸಿಲ್‌ನಲ್ಲಿ ಗೆರೆ ಎಳೆದರು.

“ಅಡುಗೆ ಮಾಡಿದ್ದು ನೀನು ನೋಡಿದ್ಯಾ?”

“ಇಲ್ಲ, ಮಸಿ ಇದೆಯಲ್ಲ ಮೇಡಂ.”

“ಹಾಗಾದರೆ ಹೊರಮೈಯಲ್ಲಿ ಮಸಿ ಇದೆ ಅಂತ ಬರಿ. ಅಡುಗೆ ಅನ್ನೋದಕ್ಕೆ ಪಕ್ಕದಲ್ಲಿ ಬೇರೆ ಕಾಲಂ ಇದೆ.”

ಆ ಎರಡು ಕಾಲಂಗಳ ನಡುವಿನ ಗೆರೆ ದಾಟದೆ ಇರುವುದನ್ನು ಕಲಿಯುವುದಕ್ಕೆ ಉಳಿದ ನಾಲ್ಕು ವಾರ ಬೇಕಾಯಿತು. ಇಕ್ಕುಳದಲ್ಲಿ ಅಂಚಿನಿಂದ ಒಂದು ಚೂರು ಚಿವುಟಿ ಹೊಸ ಒಡಕು ಮಾಡಬೇಕು (ಮೊದಲ ಸಲ ಪಾಪ ಮಾಡಿದ ಹಾಗಾಯಿತು), ಹತ್ತು ಪಟ್ಟು ದೊಡ್ಡದಾಗಿ ಕಾಣಿಸುವ ಲೆನ್ಸ್ ಕಣ್ಣಿಗೆ ಆನಿಸಿಕೊಂಡು ನೋಡಬೇಕು. ಮರಳಿನ ಹರಳು, ಅಭ್ರಕದ ಮಿಣುಕು, ಜೇಡಿಗೆ ಬೆರೆಸಿದ ಹೊಟ್ಟು ಉರಿದುಹೋಗಿ ಉಳಿದ ಸಣ್ಣ ಟೊಳ್ಳು. ಎರಡೂ ಮೈ ಕೆಂಪಾಗಿದ್ದು ನಡುವೆ ಬೂದು ಪಟ್ಟಿ ಕಂಡರೆ, ಸುಡುವಾಗ ಜೇಡಿಯೊಳಗಿನ ಇಂಗಾಲ ಪೂರ್ತಿ ಉರಿಯಲಿಲ್ಲ ಅಂತ ಅರ್ಥ. ಬಿಳಿ ಕಣಗಳ ಮೇಲೆ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದ ಒಂದು ಹನಿ ಬಿಟ್ಟಾಗ ನೊರೆ ಎದ್ದರೆ ಸುಣ್ಣದ ಅಂಶ.

ಬಣ್ಣ ಹೋಲಿಸಿ ನೋಡುವುದಕ್ಕೆ ಮನ್ಸೆಲ್ ಪಟ್ಟಿ, ಪ್ರತಿ ಬಣ್ಣಕ್ಕೂ ಒಂದು ಸಂಕೇತ. ಕಳೆದ ಶತಮಾನದ ಆರಂಭದಲ್ಲಿ ಆಲ್ಬರ್ಟ್ ಮನ್ಸೆಲ್ ಅನ್ನುವ ಅಮೆರಿಕದ ಚಿತ್ರಕಾರ ಕಟ್ಟಿದ ಕ್ರಮ ಅದು, ಮಣ್ಣು ಪರೀಕ್ಷಿಸುವವರ ಮೂಲಕ ನಮ್ಮವರ ಕೈಗೂ ಬಂದಿದೆ. ಕಿಟಕಿಯ ಬೆಳಕಲ್ಲೇ ನೋಡಬೇಕು, ಟ್ಯೂಬ್‌ಲೈಟ್ ಕೆಳಗೆ ನೋಡಿದ್ದು ಲೆಕ್ಕಕ್ಕಿಲ್ಲ. ನಾನು ‘5 ವೈಆರ್ 5/6’ (ವೈಆರ್ ಅಂದರೆ ಹಳದಿ-ಕೆಂಪು) ಅಂದರೆ ಪಕ್ಕದವಳು ‘2.5 ವೈಆರ್’ ಅಂತ ಹಟ ಹಿಡಿದಳು. ಒಂದೇ ಮಡಕೆಯ ಎರಡು ಬದಿ ಉರಿಯಲ್ಲಿ ಎರಡು ಥರ ಬೇಯುತ್ತವೆ, ಹಾಗಾಗಿ ಎರಡನ್ನೂ ಬರೆದೆವು.

ನನ್ನ ಜಂಬ ಪೂರ್ತಿ ಇಳಿಸಿದ್ದು ಮಾತ್ರ 37ನೇ ಚೂರು. ಬಾಯಂಚಿನ ತುಂಡು, ಎರಡು ಬೆರಳಗಲ. ಮಡಕೆಯ ಚಿತ್ರ ಬರೆಯುವ ರೀತಿ ನೋಡಿದವರಿಗೆ ಗೊತ್ತು: ನಡುವೆ ನೆಟ್ಟನೆ ಗೆರೆ, ಒಂದು ಕಡೆ ಗೋಡೆಯ ಅಡ್ಡಸೀಳು, ಇನ್ನೊಂದು ಕಡೆ ಹೊರಮೈ. ನಾವು ಸೀಳನ್ನು ಎಡಕ್ಕೆ ಬರೆಯುತ್ತಿದ್ದೆವು, ಬಲಕ್ಕೆ ಬರೆಯುವವರೂ ಇದ್ದಾರೆ. ಆದರೆ ಗೆರೆ ಎಳೆಯುವ ಮೊದಲು ಚೂರು ಹೇಗೆ ನಿಂತಿತ್ತು ಅಂತ ಗೊತ್ತಾಗಬೇಕು. ಅಂಚನ್ನು ಬೋರಲು ಮಾಡಿ ಮೇಜಿನ ಮೇಲಿಟ್ಟು, ಕಣ್ಣನ್ನು ಮೇಜಿನ ಮಟ್ಟಕ್ಕೆ ತಂದು, ಚೂರನ್ನು ಹಿಂದೆ ಮುಂದೆ ಮೆಲ್ಲಗೆ ತೂಗಬೇಕು. ಅಂಚಿಗೂ ಮೇಜಿಗೂ ನಡುವೆ ಬೆಳಕಿನ ಎಳೆ ಕಾಣುತ್ತಿರುತ್ತದೆ. ಒಂದು ಕೋನದಲ್ಲಿ ಆ ಎಳೆ ಅಳಿಸಿಹೋಗುತ್ತದೆ. ಅದೇ ನಿಲುವು. ಕೈ ಅಲ್ಲಾಡಿಸದೆ ಉಸಿರು ಹಿಡಿದು ಅದೇ ಕೋನದಲ್ಲಿ ಇಟ್ಟುಕೊಂಡು ಅಳತೆ ತೆಗೆಯಬೇಕು.

ನಾನು ಅವಸರದಲ್ಲಿ ಬೆಳಕು ಪೂರ್ತಿ ಹೋಗುವ ಮೊದಲೇ ನಿಲ್ಲಿಸಿದ್ದೆ. ಗೋಡೆ ಹೊರಕ್ಕೆ ಒರಗಿತು. ವ್ಯಾಸದ ಪಟ್ಟಿಯ ವೃತ್ತಗಳ ಮೇಲಿಟ್ಟು ನೋಡಿದರೆ 30 ಸೆಂ.ಮೀ. ನನ್ನ ಹಾಳೆಯ ಮೇಲೆ ಸೊಗಸಾದ ತಟ್ಟೆ. ಅದೇ ಚೂರನ್ನು ಕೋಣೆಯಲ್ಲಿದ್ದ ನಮ್ಮ ಆರು ಜನರಿಗೂ ಸುತ್ತಾಡಿಸಿದ್ದರು ಅಂತ ಆಮೇಲೆ ಗೊತ್ತಾಯಿತು. ಉಳಿದವರಿಗೆ ಬಂದದ್ದು 16, 18, 18, 22, 24. ಐದು ಬಟ್ಟಲು, ನನ್ನದೊಂದು ತಟ್ಟೆ. ಸರಿ ಉತ್ತರ ಯಾವುದು ಅಂತ ಕೇಳಿದೆವು. ಇಡೀ ಬಾಯಿಯ ಸುತ್ತಳತೆಯಲ್ಲಿ ಶೇ. 5ರಷ್ಟೂ ಉಳಿದಿಲ್ಲ, ಇಷ್ಟು ಸಣ್ಣ ಬಾಗಿನಲ್ಲಿ ಯಾವ ವೃತ್ತ ಇಟ್ಟರೂ ಹೊಂದಿದ ಹಾಗೇ ಕಾಣುತ್ತದೆ, ‘ವ್ಯಾಸ ಅನಿಶ್ಚಿತ’ ಅಂತ ಬರೆಯುವುದೇ ಉತ್ತರ ಅಂದರು. ಆರು ಜನರಲ್ಲಿ ಒಬ್ಬರೂ ಅದನ್ನು ಬರೆದಿರಲಿಲ್ಲ. ಖಾಲಿ ಜಾಗ ಕಂಡರೆ ತುಂಬಲೇಬೇಕು ಅನ್ನುವ ಪರೀಕ್ಷೆಯ ಚಾಳಿ.

ಫೋಟೋ ತೆಗೆದರೆ ಮುಗಿಯಿತಲ್ಲ, ಕೈಯಲ್ಲಿ ಯಾಕೆ ಬರೀತೀರಿ ಅಂತ ಕೇಳುವವರಿದ್ದಾರೆ. ಫೋಟೋ ತೆಗೆದಿದ್ದೇವೆ, ಅಳತೆಪಟ್ಟಿ ಇಟ್ಟು, ಎಡಮೇಲಿನಿಂದ ಬೆಳಕು ಬಿಟ್ಟು. ಒಂದರ ಮೇಲೊಂದು ಹಾಯುವ ಹಾಗೆ ನೂರಾರು ಚಿತ್ರ ತೆಗೆದು ಕಂಪ್ಯೂಟರಿನಲ್ಲಿ ತ್ರೀಡಿ ಮಾದರಿಯನ್ನೂ ಮಾಡಿದೆವು. ಪರದೆಯ ಮೇಲೆ ತಿರುಗಿಸಿ ನೋಡುವಾಗ ಖುಷಿಯಾಗುತ್ತದೆ, ಅದರಿಂದ ಅಡ್ಡಸೀಳನ್ನೂ ತೆಗೆಯಬಹುದು. ಆದರೆ ಅಲ್ಲೂ ಚೂರು ಯಾವ ಕೋನದಲ್ಲಿ ನಿಂತಿತ್ತು ಅಂತ ಯಾರಾದರೂ ತೀರ್ಮಾನಿಸಲೇಬೇಕು. ನನ್ನ ತಟ್ಟೆ ತ್ರೀಡಿಯಲ್ಲಿ ಇನ್ನೂ ಸೊಗಸಾದ ತಟ್ಟೆ ಆಗಿರುತ್ತಿತ್ತು.

ಕೊನೆಯ ವಾರ ಚೂರುಗಳ ಮೇಲೆ ಸಂಖ್ಯೆ ಬರೆದೆವು. ಒಳಮೈಯಲ್ಲಿ, ಒಡಕಿನಿಂದ ದೂರ. ಅಸಿಟೋನಿನಲ್ಲಿ ಕರಗಿಸಿದ ಪ್ಯಾರಲಾಯ್ಡ್ ಬಿ-72 ಅನ್ನುವ ಪಾರದರ್ಶಕ ರಾಳದ ಒಂದು ಲೇಪ, ಅದರ ಮೇಲೆ ಶಾಯಿ, ಮೇಲೆ ಇನ್ನೊಂದು ಲೇಪ. ಮುಂದೆ ಯಾರಿಗಾದರೂ ಬೇಡವೆನಿಸಿದರೆ ಅಸಿಟೋನಿನಲ್ಲಿ ಒರೆಸಿ ತೆಗೆಯಬಹುದು. 37ನ್ನು ಮತ್ತೆ ಬೋರಲು ಹಾಕಿದೆ, ಬೆಳಕಿನ ಎಳೆ ಹೋಗುವವರೆಗೆ ತೂಗಿದೆ, ಹೊಸ ಚಿತ್ರ ಬರೆದೆ. ಈ ಸಲ ಗೋಡೆ ನೆಟ್ಟಗೆ ನಿಂತಿತು, ವ್ಯಾಸದ ಜಾಗದಲ್ಲಿ ‘ಅನಿಶ್ಚಿತ’. ಹಳೆಯದನ್ನು ಹರಿದುಹಾಕಲು ಹೋದೆ. ಮೇಡಂ ಕೈ ಹಿಡಿದರು. ಅಡ್ಡಗೆರೆ ಎಳೆದು, ‘ರದ್ದು, ನಿಲುವು ತಪ್ಪು’ ಅಂತ ಬರೆದು, ಸಹಿ ಹಾಕಿ ಅದನ್ನೂ ಕಡತದಲ್ಲೇ ಇಡಬೇಕಂತೆ. ಇಟ್ಟೆ. ತಟ್ಟೆ ಕೆಳಗೆ, ಬಟ್ಟಲು ಮೇಲೆ.