ಡಿಕ್ಕಿಯಲ್ಲಿ ನೀರು: ಸೀಲಂಟ್ ಟ್ಯೂಬಿಗೆ ಕೈಹಾಕುವ ಮುಂಚೆ

ಮಳೆಗಾಲ ಹಿಡಿದು ಹದಿನೈದು ದಿನ ಆಗುವಷ್ಟರಲ್ಲಿ ಗ್ಯಾರೇಜಿಗೆ ಈ ದೂರು ಬಂದೇ ಬರುತ್ತದೆ: ಡಿಕ್ಕಿ ತೆಗೆದರೆ ಮುಗ್ಗಲು ವಾಸನೆ, ಸ್ಟೆಪ್ನಿ ಕೆಳಗೆ ನೀರು. ತಕ್ಷಣ ಬೀಡಿಂಗ್, ಅಂದರೆ ಡಿಕ್ಕಿ ಬಾಯಿಯ ಸುತ್ತ ಕೂರುವ ರಬ್ಬರ್ ಪಟ್ಟಿ, ಬದಲಾಯಿಸಿ ಕಳಿಸುವುದು ರೂಢಿ. ಮುಂದಿನ ಮಳೆಗೆ ಅದೇ ಗಾಡಿ ಅದೇ ದೂರು ಹೊತ್ತು ವಾಪಸ್. ಸ್ಟೆಪ್ನಿ ಗುಂಡಿ ಡಿಕ್ಕಿಯ ಎಲ್ಲಕ್ಕಿಂತ ತಗ್ಗಿನ ಜಾಗ; ಎಲ್ಲಿಂದ ನುಗ್ಗಿದ ನೀರೂ ಕೊನೆಗೆ ಅಲ್ಲೇ ಬಂದು ಕೂರುತ್ತದೆ. ನಿಂತ ನೀರು ನೋಡಿ ತೂತಿನ ಜಾಗ ಹೇಳಲಾಗುವುದಿಲ್ಲ.

ಪಾನಾ ಹಿಡಿಯುವ ಮುಂಚೆ ಗಾಡಿಯವರಿಗೆ ಒಂದು ಪ್ರಶ್ನೆ: ನಿಂತ ಗಾಡಿಗೆ ನೀರು ಬರುತ್ತದೋ, ಓಡಿಸಿದ ಮೇಲೋ? ನಿಂತಾಗಲೇ ಬಂದರೆ ಮೇಲಿನಿಂದ, ಅಂದರೆ ಲ್ಯಾಂಪು, ಬೀಡಿಂಗ್, ಹಿಂಗಾಜು, ರೂಫಿನ ಕಡೆಯಿಂದ. ಓಡಿದಾಗ ಮಾತ್ರ ಬಂದರೆ ಚಕ್ರ ಎರಚಿದ ನೀರು ಕೆಳಗಿನಿಂದ ಹತ್ತುತ್ತಿದೆ. ಗಾಡಿ ಕೊಂಡ ಮೇಲೆ ಕೂರಿಸಿದ ಸಿಎನ್‌ಜಿ ಸಿಲಿಂಡರಿದ್ದರೆ ಅದರ ಸ್ಟ್ಯಾಂಡಿಗಾಗಿ ಕೊರೆದ ಬೋಲ್ಟ್ ತೂತು ಮೊದಲು ನೋಡಿ. ಹ್ಯಾಚ್‌ಬ್ಯಾಕಿನಲ್ಲಿ ಮಳೆಯೇ ಇಲ್ಲದ ದಿನ ಒದ್ದೆಯಾದರೆ ಹಿಂಗಾಜಿನ ವಾಷರ್ ಪೈಪ್ ಕಳಚಿಕೊಂಡಿರಬಹುದು; ಡೋರ್ ಮಡಚುವ ಜಾಗದ ರಬ್ಬರ್ ಕೊಳವೆಯೊಳಗೆ ಅದು ಹೆಚ್ಚಾಗಿ ಬಿಟ್ಟುಕೊಳ್ಳುತ್ತದೆ. ವಾಷರ್ ಒತ್ತಿ ನೋಡಿದರೆ ಎರಡೇ ನಿಮಿಷದಲ್ಲಿ ಗೊತ್ತಾಗುತ್ತದೆ.

ಡಿಕ್ಕಿ ಪೂರ್ತಿ ಖಾಲಿ ಮಾಡಿ. ಮ್ಯಾಟು, ಪಕ್ಕದ ಟ್ರಿಮ್ಮು, ಸ್ಟೆಪ್ನಿ, ಜಾಕು ಎಲ್ಲ ಹೊರಗೆ. ಟ್ರಿಮ್ ಕ್ಲಿಪ್ ಒಂದೆರಡು ಮುರಿಯುತ್ತವೆ, ಹೊಸವು ಕೈಯಲ್ಲಿರಲಿ. ಒರೆಸುವ ಅವಸರ ಬೇಡ; ಮೊದಲು ಟಾರ್ಚ್ ಬಿಟ್ಟು ಬರೀ ತಗಡು ನೋಡಿ. ನಮ್ಮ ರಸ್ತೆಯ ಕೆಮ್ಮಣ್ಣಿನ ಧೂಳು ಉಪಕಾರ ಮಾಡುವುದು ಇಲ್ಲೇ. ನೀರು ಇಳಿದ ದಾರಿಯಲ್ಲಿ ಒಣಗಿದ ಕೆಂಪು ಗೆರೆ ಉಳಿದಿರುತ್ತದೆ. ಟೈಲ್ ಲ್ಯಾಂಪಿನ ಕೆಳಮೂಲೆಯಲ್ಲಿ ಹುಟ್ಟಿ, ಬೆಸುಗೆಯ ಅಂಚು ಹಿಡಿದು ಒಂದು ಗೇಣು ಅಡ್ಡ ಹರಿದು, ಗುಂಡಿಯ ಬಾಯಿಗೆ ಜಾರಿದ ಗೆರೆ ಕಂಡಿತೆಂದರೆ ಅರ್ಧ ಕೆಲಸ ಆದಂತೆ. ಬೆರಳಿಟ್ಟು ಮೇಲಕ್ಕೆ ಹೋಗಿ, ಗೆರೆಯ ತಲೆ ಎಲ್ಲಿದೆ ನೋಡಿ.

ಆಮೇಲೆ ನೀರಿನ ಪರೀಕ್ಷೆ. ವಾಟರ್ ಸರ್ವಿಸಿನ ಪ್ರೆಷರ್ ಗನ್ ಬೇಡ, ಅದರ ಹೊಡೆತಕ್ಕೆ ಸರಿಯಾದ ಬೀಡಿಂಗೂ ನೀರು ಬಿಡುತ್ತದೆ. ಸಾಮಾನ್ಯ ಪೈಪು, ಮೆಲ್ಲಗೆ ಹರಿಯುವ ನೀರು ಸಾಕು. ಹಿಂದಿನ ಸೀಟಿನ ಬೆನ್ನು ಮಡಚಿ ಒಬ್ಬರು ಟಾರ್ಚ್ ಸಮೇತ ಒಳಗೆ ಹೋಗಬೇಕು. ಮಡಚದ ಸೀಟಾದರೆ ಬಿಚ್ಚಿಡಿ. ಸೀಟಿನ ಕಡೆ ದಾರಿ ತೆರೆಯದೆ ಯಾರನ್ನೂ ಡಿಕ್ಕಿಯಲ್ಲಿ ಮುಚ್ಚಬೇಡಿ. ನೀರು ಕೆಳಗಿನಿಂದ ಶುರುವಾಗಲಿ: ಬಂಪರಿನ ಮೇಲಂಚು, ನಂಬರ್ ಪ್ಲೇಟ್, ಟೈಲ್ ಲ್ಯಾಂಪ್, ಡಿಕ್ಕಿ ಬಾಗಿಲಿನ ಸಂದು, ಹಿಂಗಾಜು, ಕೊನೆಗೆ ರೂಫಿನ ಉದ್ದಪಟ್ಟಿ. ಒಂದೊಂದು ಜಾಗಕ್ಕೂ 5 ನಿಮಿಷ. ಮೇಲಿನಿಂದ ಸುರಿದರೆ ಎಲ್ಲ ಒಟ್ಟಿಗೆ ತೊಯ್ದು ಯಾವ ಸಂದು ಬಿಟ್ಟಿತೆಂದು ತಿಳಿಯುವುದಿಲ್ಲ. ಒಂದು ಸೋರಿಕೆ ಸಿಕ್ಕಿತೆಂದು ನಿಲ್ಲಿಸಬೇಡಿ, ಎರಡು ಇರುವುದೂ ಉಂಟು.

ಲ್ಯಾಂಪಿನ ಹಿಂದೆ ನೀರು ತಡೆಯುವ ಫೋಮ್ ಗ್ಯಾಸ್ಕೆಟ್ ವರ್ಷಗಟ್ಟಲೆ ಅದುಮಿಕೊಂಡು ಚಪ್ಪಟೆಯಾಗಿರುತ್ತದೆ. ಸಾಮಾನ್ಯವಾಗಿ 8 ಅಥವಾ 10 ಎಂಎಂ ನಟ್ಟು. ಸೋರುತ್ತದೆಂದು ನಟ್ಟನ್ನು ಇನ್ನೂ ಬಿಗಿದರೆ ಪ್ಲಾಸ್ಟಿಕ್ ಬಾಗುತ್ತದೆ, ಸಂದು ಇನ್ನಷ್ಟು ಬಿಡುತ್ತದೆ, ನಟ್ಟು ಕೂರುವ ಸ್ಟಡ್ ಮುರಿದರೆ ಲ್ಯಾಂಪೇ ಹೊಸದು. ಹಳೆ ಫೋಮ್ ಪೂರ್ತಿ ಕೆರೆದು, ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ, ಹೊಸ ಗ್ಯಾಸ್ಕೆಟ್ ಹಾಕಿ. ಸಿಗದಿದ್ದರೆ ಬ್ಯೂಟೈಲ್ ಟೇಪ್ (ಅಂಟುವ ಮೆತ್ತನೆ ರಬ್ಬರ್ ಪಟ್ಟಿ) ಒಂದೇ ತುಂಡಾಗಿ ಸುತ್ತ ಬರಲಿ, ತುದಿಗಳು ಕೂಡುವ ಜಾಗ ಕೆಳಗಿರಲಿ. ನಟ್ಟುಗಳನ್ನು ಒಂದಾದಮೇಲೊಂದು ಸ್ವಲ್ಪ ಸ್ವಲ್ಪವೇ ಬಿಗಿಯಿರಿ.

ಬೀಡಿಂಗ್ ತಪ್ಪೇ ಅಂತ ನೋಡಲು ಅಂಚಿನುದ್ದಕ್ಕೂ ಚಾಕ್ ಪುಡಿ ಸವರಿ, ಬಾಗಿಲು ಮುಚ್ಚಿ ತೆಗೆಯಿರಿ. ಬಾಗಿಲಿನ ಒಳಮೈಯಲ್ಲಿ ಬಿಳಿ ಗೆರೆ ತುಂಡಾದಲ್ಲಿ ಒತ್ತಡ ಸಾಲದು. ಕಾಗದದ ಪಟ್ಟಿ ಇಟ್ಟು ಮುಚ್ಚಿ ಎಳೆದರೆ ಅಲ್ಲಿ ಸಲೀಸಾಗಿ ಬರುತ್ತದೆ. ಸಾಕಷ್ಟು ಗಾಡಿಗಳಲ್ಲಿ ರಬ್ಬರ್ ಚೆನ್ನಾಗೇ ಇದ್ದು, ಲಾಕು ಕಚ್ಚಿಕೊಳ್ಳುವ ಕೊಂಡಿ, ಅಂದರೆ ಸ್ಟ್ರೈಕರ್, ಒಂದೆರಡು ಎಂಎಂ ಇಳಿಸಿದರೆ ಅಥವಾ ಮೂಲೆಯ ರಬ್ಬರ್ ಸ್ಟಾಪರ್ ತಿರುಗಿಸಿದರೆ ಸರಿಹೋಗುತ್ತದೆ. ಬೀಡಿಂಗ್ ಕೂರುವ ತಗಡಿನ ಅಂಚೇ ತುಕ್ಕು ತಿಂದಿದ್ದರೆ ಹೊಸ ಬೀಡಿಂಗಿಗೆ ಹಣ ಹಾಕಿ ಪ್ರಯೋಜನವಿಲ್ಲ, ಮೊದಲು ಟಿಂಕರಿಂಗ್.

ಹಿಂದಿನಿಂದ ಗುದ್ದಿಸಿಕೊಂಡು ರಿಪೇರಿಯಾದ ಗಾಡಿಯಲ್ಲಿ ತಗಡಿನ ಜೋಡಣೆಯ ಸೀಲರ್ ಹಚ್ಚದೆ ಬಣ್ಣ ಹೊಡೆದಿರುವುದುಂಟು. ತುಕ್ಕು ಉಜ್ಜಿ, ಪ್ರೈಮರ್ ಹಚ್ಚಿ, ಪಿಯು (ಪಾಲಿಯುರೆಥೇನ್) ಸೀಲಂಟ್ ಎಳೆದು ಬ್ರಷ್ಷಿನಿಂದ ಸಂದಿಗೆ ಒತ್ತಿ. ಕನಿಷ್ಠ 24 ಗಂಟೆ ನೀರು ಮುಟ್ಟಿಸಬೇಡಿ. ಹುಳಿ ವಾಸನೆಯ ಬಾತ್‌ರೂಮ್ ಸಿಲಿಕಾನ್ ಮಾತ್ರ ದಯವಿಟ್ಟು ಬೇಡ. ಅದರ ಅಸಿಟಿಕ್ ಆಮ್ಲ ಬರೀ ತಗಡಿಗೆ ತುಕ್ಕು ಹಿಡಿಸುತ್ತದೆ, ಆಮೇಲೆ ಆ ಜಾಗಕ್ಕೆ ಬಣ್ಣವೂ ಹಿಡಿಯುವುದಿಲ್ಲ.

ರಿವರ್ಸ್ ಕ್ಯಾಮೆರಾ, ಸ್ಪಾಯ್ಲರ್ ಹೊರಗೆ ಹಾಕಿಸಿದ್ದರೆ ತೂತಿಗೆ ಗ್ರಾಮೆಟ್ (ವೈರಿನ ಸುತ್ತ ಕೂರುವ ರಬ್ಬರ್ ಬಳೆ) ಇದೆಯೇ ನೋಡಿ. ವೈರು ತೂತಿಗೆ ಹೋಗುವ ಮುಂಚೆ ಹೊರಗಡೆ ಒಮ್ಮೆ ಕೆಳಗೆ ಜೋತು ಮೇಲೇರಬೇಕು. ನೇರ ಎಳೆದ ವೈರಿನ ಮೈಹಿಡಿದು ನೀರು ಒಳಗೇ ನಡೆದು ಬರುತ್ತದೆ.

ಬಂಪರಿನ ಹಿಂದೆ ತೆಳು ರಬ್ಬರ್ ರೆಕ್ಕೆಯ ಗಾಳಿಕಿಂಡಿ ಇರುತ್ತದೆ. ತೂತೆಂದು ತಿಳಿದು ಅದನ್ನು ಮುಚ್ಚುವವರಿದ್ದಾರೆ. ಒಳಗಿನ ಗಾಳಿ ಹೊರಹೋಗುವ ದಾರಿಯೇ ಅದು. ಮುಚ್ಚಿದರೆ ಬಾಗಿಲು ಹಾಕಲು ಗುದ್ದಬೇಕಾಗುತ್ತದೆ, ಗಾಜು ಮಂಜಾಗುತ್ತದೆ. ಸೋರಿದರೆ ಅದರ ಫ್ರೇಮಿನ ಸುತ್ತಲಿನ ಗ್ಯಾಸ್ಕೆಟ್ ಮಾತ್ರ ಸರಿಮಾಡಿ. ಗುಂಡಿಯ ರಬ್ಬರ್ ಪ್ಲಗ್ಗನ್ನೂ ತೆಗೆದೇ ಬಿಡುವುದು ಉಪಾಯವಲ್ಲ. ನೀರು ಇಳಿಸಿ ವಾಪಸ್ ಹಾಕಿ, ಇಲ್ಲದಿದ್ದರೆ ಕೆಸರು ಅಲ್ಲಿಂದಲೇ ಬರುತ್ತದೆ.

ಮ್ಯಾಟಿಗಿಂತ ಅದರಡಿಯ ಫೆಲ್ಟ್ ಹೆಚ್ಚು ನೀರು ಕುಡಿದಿರುತ್ತದೆ. ಬಿಚ್ಚಿ ನೇತುಹಾಕಿ ಪೂರ್ತಿ ಒಣಗಿಸಿ; ಮೇಲ್ಮೈ ಮುಟ್ಟಿ ನಂಬಬೇಡಿ, ಒತ್ತಿ ಹಿಂಡಿ ನೋಡಿ. ಲ್ಯಾಂಪಿನ ಕನೆಕ್ಟರಿನಲ್ಲಿ ಹಸಿರು ಕಿಲುಬು ಕಂಡರೆ ಕಾಂಟ್ಯಾಕ್ಟ್ ಕ್ಲೀನರ್ ಹಾಕಿ. ಸೀಲಂಟ್ ಒಣಗಿದ ಮೇಲೆ ಅದೇ ನೀರಿನ ಪರೀಕ್ಷೆ ಇನ್ನೊಮ್ಮೆ ಮಾಡಿ, ಗುಂಡಿಯಲ್ಲಿ ಹಳೆ ಪೇಪರ್ ಹಾಸಿ ಗಾಡಿ ಕೊಡಿ. ಮೊದಲ ಜೋರು ಮಳೆಯಾದ ಮೇಲೆ ಪೇಪರ್ ನೋಡಿ ಫೋನ್ ಮಾಡಲು ಹೇಳಿ. ಸ್ಟೆಪ್ನಿ ಹೇಗೂ ಹೊರಗೆ ಬಂದಿದೆ, ಅದರ ಗಾಳಿಯನ್ನೂ ನೋಡಿಬಿಡಿ.