ಪಾಪಾಸುಕಳ್ಳಿ ಹಣ್ಣು ಕೈಗೆತ್ತಿಕೊಳ್ಳುವ ಮುನ್ನ

ದೊಡ್ಡ ಮುಳ್ಳು ಕಣ್ಣಿಗೆ ಕಾಣುತ್ತೆ, ಅದರ ಚಿಂತೆ ಬೇಡ. ಕಾಡೋದು ಹಣ್ಣಿನ ಮೇಲಿನ ಚುಕ್ಕೆಗಳಲ್ಲಿ ಗೊಂಚಲುಗೊಂಚಲಾಗಿ ಕೂತ, ಕೂದಲಿಗಿಂತ ಸಣ್ಣ ಹಳದಿ ಮುಳ್ಳು. ಅದರ ಮೈಗೆ ಹಿಮ್ಮುಖ ಕೊಕ್ಕೆಗಳಿವೆ. ಉಜ್ಜಿದರೆ ಮುರಿದು ಚರ್ಮದೊಳಗೇ ಉಳಿಯುತ್ತೆ. ಟೇಪು ಅಂಟಿಸಿ ಕೀಳಿ, ಉಳಿದದ್ದಕ್ಕೆ ಚಿಮಟ.

ಬುಡದವರೆಗೂ ಕಡುನೇರಳೆ ಆಗಿರೋ ಹಣ್ಣನ್ನೇ ಆರಿಸಿ. ಹಸಿರಿದ್ದಾಗ ಕಿತ್ತರೆ ಆಮೇಲೆ ಸಿಹಿಯಾಗಲ್ಲ. ಇಕ್ಕಳದಲ್ಲಿ ಹಿಡಿದು ತಿರುಚಿ ಕಿತ್ತು, ಒಲೆಯ ಉರಿಯಲ್ಲಿ ಅರ್ಧ ನಿಮಿಷ ಎಲ್ಲ ಕಡೆ ತಿರುಗಿಸಿ. ಸಣ್ಣ ಮುಳ್ಳು ಸುಟ್ಟುಹೋಗುತ್ತೆ. ಜಾಸ್ತಿ ಹೊತ್ತು ಹಿಡಿದರೆ ತಿರುಳು ಬೆಂದು ರುಚಿ ಕೆಡುತ್ತೆ. ಆಮೇಲೆ ಎರಡೂ ತುದಿ ಕತ್ತರಿಸಿ. ತಲೆಯ ಕಡೆ ಗುಳಿಯಲ್ಲಿ ಮುಳ್ಳು ಅಡಗಿರುತ್ತೆ, ಅಲ್ಲಿ ಸ್ವಲ್ಪ ಆಳವಾಗೇ ಕತ್ತರಿಸಬೇಕು. ಉದ್ದಕ್ಕೆ ಒಂದು ಗೀರು ಹಾಕಿ ಸಿಪ್ಪೆ ಬಿಡಿಸಿದರೆ ರಕ್ತಗೆಂಪು ತಿರುಳು ಉಂಡೆಯಾಗಿ ಈಚೆ ಬರುತ್ತೆ.

ಬೀಜ ಕಲ್ಲಿನ ಹಾಗೆ, ಅಗಿಯಬೇಡಿ. ತುಂಬಾ ನುಂಗಿದರೆ ಮಲಬದ್ಧತೆ. ಎಂಟು-ಹತ್ತು ಹಣ್ಣು ಕಿವುಚಿ ಬಟ್ಟೆಯಲ್ಲಿ ಸೋಸಿ, ಅರ್ಧ ನಿಂಬೆ, ಚಿಟಿಕೆ ಉಪ್ಪು ಹಾಕಿದರೆ ಒಳ್ಳೆ ಪಾನಕ. ಕುದಿಸಬೇಡಿ, ಬಣ್ಣ ಮಾಸುತ್ತೆ.

ಅಮೆರಿಕದಿಂದ ಬಂದ ಈ ಗಿಡ ನಮ್ಮ ಬಯಲುಸೀಮೆಯ ಹೊಲಗಳಿಗೆ ಬೇಲಿಯಾಯ್ತು. ಹಬ್ಬಿದ್ದು ಅತಿಯಾಗಿ, 1926ರಲ್ಲಿ ಶ್ರೀಲಂಕಾದಿಂದ ಹುಳು ತರಿಸಿ ಅದನ್ನು ದಕ್ಷಿಣ ಭಾರತದಲ್ಲಿ ತಗ್ಗಿಸಿದರು. ಅಷ್ಟಾದರೂ ಬದುವಿನ ಮೇಲೆ ಅಲ್ಲೊಂದು ಇಲ್ಲೊಂದು ಪೊದೆ ಉಳಿದು ಹಣ್ಣು ಬಿಡ್ತಿದೆ ಅನ್ನೋದೇ ಖುಷಿ.

ಹಾಂ, ತಿಂದ ಮೇಲೆ ಮೂತ್ರ ಕೆಂಪಗಾದರೆ ಗಾಬರಿ ಬೇಡ, ಅದು ಹಣ್ಣಿನ ಬಣ್ಣ.